ಯೆರೊಲಿಮನ ಹರಕೆ ಚಿತ್ರ

ಮೂರು ದಿನ ಬೆಟ್ಟದ ಮೇಲಿಂದ ಧುಮುಕಿ ಊರಿನ ಹೆಂಚುಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡಿದ ಬೂರಾ ಗಾಳಿ, ಆ ಗುರುವಾರ ಬೆಳಗಾಗುವಷ್ಟರಲ್ಲಿ ಯಾರೋ ಕದ ಹಾಕಿಕೊಂಡ ಹಾಗೆ ನಿಂತುಬಿಟ್ಟಿತ್ತು. ಫೆಬ್ರವರಿಯ ತೆಳು ಬಿಸಿಲು ಕೊಲ್ಲಿಯ ಮೇಲೆ ಒಣಹಾಕಿದ ಬಿಳಿ ಬಟ್ಟೆಯಂತೆ ಹರಡಿಕೊಂಡಿತ್ತು. ಮೂರು ದಿನ ಅವಿತಿದ್ದ ಬೆಕ್ಕುಗಳು ಬಂದರಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಮೈ ಕಾಯಿಸುತ್ತಿದ್ದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿಗಳು ತೇಲುತ್ತಿವೆ ಎನ್ನಿಸುತ್ತಿರಲಿಲ್ಲ, ತಮ್ಮ ತಮ್ಮ ನೆರಳಿನ ಮೇಲೆ ಗಾಳಿಯಲ್ಲಿ ನಿಂತಿವೆ ಎನ್ನಿಸುತ್ತಿತ್ತು.

ಇಂಥ ಬೆಳಿಗ್ಗೆಯನ್ನು ದೇವರು ಯಾರಿಗಾಗಿ ಮಾಡುತ್ತಾನೆ ಎಂದು ಲುಚಿತ್ಸಾ ಊರಿನಲ್ಲಿ ಕೇಳಿದರೆ, ಬಲೆ ಬೀಸುವವರಿಗೆ ಎಂದು ಕೆಲವರು, ಬಟ್ಟೆ ಒಗೆಯುವವರಿಗೆ ಎಂದು ಕೆಲವರು ಹೇಳಿಯಾರು. ಯೆರೊಲಿಮನಿಗಾಗಿ ಎಂದು ಯಾರೂ ಹೇಳುವುದಿಲ್ಲ. ಅವನು ಹಡಗುಕಟ್ಟೆಯ ಟಿಕೆಟ್ ಕಿಟಕಿಯ ಹಿಂದೆ ಮೂವತ್ತು ವರ್ಷದಿಂದ ಕೂತವನು. ಆ ಮೂವತ್ತು ವರ್ಷದಲ್ಲಿ ಊರು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, ಹಡಗು ಎಷ್ಟು ಹೊತ್ತಿಗೆ ಎಂದು. ಅದಕ್ಕೂ ಅವನ ಉತ್ತರ ಎಲ್ಲ ಸಲ ಸರಿಯಿರುತ್ತಿರಲಿಲ್ಲ. ಒಮ್ಮೆ ಮದುವೆಯ ದಿಬ್ಬಣವೊಂದಕ್ಕೆ ಪಕ್ಕದ ದ್ವೀಪದ ಟಿಕೆಟು ಹರಿದುಕೊಟ್ಟಿದ್ದ. ಪಾಪ, ಅವರು ಅಲ್ಲಿಳಿದು ಮಧ್ಯಾಹ್ನದವರೆಗೂ ಹುಡುಗಿಯ ಮನೆ ಹುಡುಕಿದ್ದರು.

ಚಳಿಗಾಲದಲ್ಲಿ ಹಡಗು ದಿನಕ್ಕೊಂದೇ. ಉಳಿದ ಹೊತ್ತಿನಲ್ಲಿ ಯೆರೊಲಿಮ್ ಕಡಲೊಳಗೆ ಮುಳುಗಿ ಚಿಪ್ಪಿಲ್ಲದ ಬಸವನಹುಳುಗಳ ಫೋಟೋ ತೆಗೆಯುತ್ತಿದ್ದ. ಈ ಹುಚ್ಚು ಹತ್ತಿಸಿದವರು ನಿವೃತ್ತರಾದ ನೆವೆಂಕಾ ಟೀಚರ್. ಅವರು ಊರಿನ ಅರ್ಧ ಜನಕ್ಕೆ ಜೀವಶಾಸ್ತ್ರ ಕಲಿಸಿ, ಅವರು ಕಲಿತದ್ದೆಷ್ಟು ಎಂದು ನೋಡಿ, ಮಿಕ್ಕ ಆಯುಷ್ಯವನ್ನು ಮಾತಾಡದ ಪ್ರಾಣಿಗಳಿಗೆ ಮೀಸಲಿಟ್ಟಿದ್ದರು. ಟೀಚರ ಪುಸ್ತಕದಲ್ಲಿ ಇದುವರೆಗೆ ಕಂಡ ನಲವತ್ತಮೂರು ಬಗೆಯ ಹುಳುಗಳಿದ್ದವು. ಯೆರೊಲಿಮನ ಪುಸ್ತಕದಲ್ಲಿ ಆರು. ಅವುಗಳಲ್ಲೂ ಎರಡು ಒಂದೇ ಹುಳುವಿನ ಮುಂಭಾಗ ಮತ್ತು ಹಿಂಭಾಗ ಎಂದು ಆಮೇಲೆ ತಿಳಿದುಬಂದಿತ್ತು.

ಆ ಗುರುವಾರ ಇಬ್ಬರೂ ಸ್ಮೊಕ್ವಾ ಕೊಲ್ಲಿಗೆ ಹೋದರು. ಹತ್ತು ವರ್ಷ ಹಿಂದಿನ ಹೊಟ್ಟೆಯ ಅಳತೆಗೆ ಕೊಂಡ ರಬ್ಬರ್ ಅಂಗಿಯೊಳಗೆ ಈಗಿನ ಹೊಟ್ಟೆಯನ್ನು ಸೇರಿಸಲು ಯೆರೊಲಿಮನಿಗೆ ಅರ್ಧ ಗಂಟೆ ಹಿಡಿಯಿತು. ಆದರೆ ನೀರೊಳಗೆ ಹೋದ ಮೇಲೆ ಹೊಟ್ಟೆಯೂ ಇಲ್ಲ, ಟಿಕೆಟ್ ಕಿಟಕಿಯೂ ಇಲ್ಲ. ಒಂಬತ್ತು ಮೀಟರ್ ಆಳದಲ್ಲಿ ಬಿಸಿಲು ಹಸಿರಾಗಿ, ಮೆಲ್ಲಗೆ, ಇಗರ್ಜಿಯ ಬಣ್ಣದ ಗಾಜಿನೊಳಗಿಂದ ಇಳಿದ ಹಾಗೆ ಇಳಿಯುತ್ತಿತ್ತು. ತನ್ನ ಉಸಿರಿನ ಗುಳ್ಳೆಗಳೇ ಮೇಲಕ್ಕೆ ಹೋಗುವ ಪ್ರಾರ್ಥನೆಯಂತೆ ಕಾಣುತ್ತಿದ್ದವು. ಬಂಡೆಯ ಅಂಚಿನಲ್ಲಿ, ಗಿಡದಂತೆ ಕಾಣುವ ಆದರೆ ಗಿಡವಲ್ಲದ ಬೆರಳುದ್ದದ ಪೊದೆಯೊಂದರ ಕೊನೆಯಲ್ಲಿ, ಆ ಹುಳು ಕೂತಿತ್ತು. ಮೈ ಹಾಲಿನ ಬಿಳುಪು. ಎರಡು ಕೊಂಬಿನ ಕೆಳಗೆ ಕೆನ್ನೆಗೆ ಹಚ್ಚಿದಂತೆ ಎರಡು ಕಿತ್ತಳೆ ಬೊಟ್ಟು. ಬೆನ್ನ ತುಂಬ ಕೆಂಪು ಕುಚ್ಚುಗಳು, ಪ್ರತಿಯೊಂದರ ತುದಿಗೂ ಒಂದೊಂದು ನೀಲಿ ದೀಪ ಹಚ್ಚಿಟ್ಟ ಹಾಗೆ. ಪಂಡಿತರು ಅದಕ್ಕಿಟ್ಟ ಹೆಸರಿನ ಅರ್ಥ ಯಾತ್ರಿಕ ಎಂದು. ಅದು ನಿಜಕ್ಕೂ ಯಾವುದೋ ದೂರದ ಗುಡಿಗೆ ಹೊರಟು ದಾರಿಯಲ್ಲಿ ಬುತ್ತಿ ಬಿಚ್ಚಿ ಕೂತಂತೆ ಪೊದೆಯ ಮೊಗ್ಗುಗಳನ್ನು ಮೇಯುತ್ತಿತ್ತು. ಗಾತ್ರ ಮಾತ್ರ ಆಲಿವ್ ಹಣ್ಣಿನ ಬೀಜದಷ್ಟು.

ಯೆರೊಲಿಮ್ ಇಪ್ಪತ್ತು ನಿಮಿಷ ಅದರ ಮುಂದೆ ಅಲ್ಲಾಡದೆ ತೇಲಿದ. ಟೀಚರು ಪಕ್ಕಕ್ಕೆ ಬಂದು, ಸೆಂಟಿಮೀಟರ್ ಗುರುತು ಹಾಕಿದ ಪುಟ್ಟ ಬಿಳಿ ಕಡ್ಡಿಯೊಂದನ್ನು ತೋರಿಸಿ, ಇದನ್ನು ಪಕ್ಕದಲ್ಲಿಟ್ಟು ತೆಗೆ ಎಂದು ಸನ್ನೆ ಮಾಡಿದರು. ಯೆರೊಲಿಮ್ ಬೇಡವೆಂದು ತಲೆಯಾಡಿಸಿಬಿಟ್ಟ. ಮದುಮಗಳ ಪಕ್ಕದಲ್ಲಿ ಅಳತೆಕೋಲು ನಿಲ್ಲಿಸಿ ಯಾರಾದರೂ ಫೋಟೋ ತೆಗೆಯುತ್ತಾರೆಯೆ. ಅವನು ತೆಗೆದ ಮುನ್ನೂರು ಚಿತ್ರಗಳಲ್ಲಿ ಇನ್ನೂರ ತೊಂಬತ್ತೊಂಬತ್ತು ಮಸುಕಾಗಿದ್ದವು. ಒಂದು ಮಾತ್ರ, ಹುಳು ತಲೆಯೆತ್ತಿ ಅವನ ಕಡೆಗೇ ನೋಡಿದ ಗಳಿಗೆಯದು, ಕುಚ್ಚು ಕುಚ್ಚೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು.

ಮರುದಿನ ಟೀಚರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಝಾಗ್ರೆಬಿನ ಮಗಳ ಮನೆಗೆ ಹೊರಟುಹೋದರು. ಅವರು ಊರಲ್ಲಿದ್ದಿದ್ದರೆ ಈ ಕಥೆಗೆ ಜಾಗವೇ ಇರುತ್ತಿರಲಿಲ್ಲ.

ಯೆರೊಲಿಮ್ ಆ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಲು ಸ್ಪ್ಲಿತ್ ಪಟ್ಟಣದ ಅಂಗಡಿಯೊಂದಕ್ಕೆ ಕಳಿಸಿದ. ಮಂಚದ ಪಕ್ಕದ ಮೇಜಿನ ಮೇಲೆ ಇಡುವಷ್ಟು ಸಣ್ಣದು ಸಾಕು ಎಂದು ಅವನ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಮಿಲಿಮೀಟರ್, ತುಂಬಿದ ಕಾಗದದಲ್ಲಿದ್ದದ್ದು ಸೆಂಟಿಮೀಟರ್. ಹತ್ತು ದಿನದ ಮೇಲೆ ಹಡಗಿನಿಂದ ಇಬ್ಬರು ಹೊತ್ತು ಇಳಿಸಿದ ಕಂದು ಕಾಗದದ ಪೊಟ್ಟಣವನ್ನು ನೋಡಿ, ಯಾರೋ ಹೊಸ ಬಾಗಿಲು ತರಿಸಿದ್ದಾರೆ ಎಂದುಕೊಂಡು ಯೆರೊಲಿಮ್ ವಿಳಾಸ ಓದಲು ಹೋದ. ವಿಳಾಸ ಅವನದೇ ಆಗಿತ್ತು.

ಹೆಂಡತಿ ಯೆಲ್ಕಾ ಕಾಗದ ಬಿಚ್ಚಿಸಿ ನೋಡಿದಳು. ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೊಮ್ಮೆ ನೋಡಿದಳು.

"ಇದು ಮನೇಲಿದ್ರೆ ನಾನಿರಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಾಹಿತಿ ಇತ್ತು.

ಹೀಗಾಗಿ ಯೆರೊಲಿಮ್ ಚಿತ್ರವನ್ನು ಮತ್ತೆ ಕಾಗದದಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು, ದಿಬ್ಬ ಹತ್ತಿ, ಕಡಲ ಮಾತೆಯ ಪುಟ್ಟ ಇಗರ್ಜಿಗೆ ಒಯ್ದ. ಊರಲ್ಲಿ ಅಷ್ಟು ದೊಡ್ಡ ವಸ್ತುವನ್ನು ಒರಗಿಸಿಡಲು ಒಣಗಿದ ಜಾಗವಿದ್ದದ್ದು ಅಲ್ಲಿ ಮಾತ್ರ. ಪಾದ್ರಿ ದೋನ್ ಸ್ರೆಚ್ಕೊ ವಯಸ್ಸಾದವರು, ಮಿತಭಾಷಿ. ಬಾಗಿಲಲ್ಲೇ ಸಿಕ್ಕರು. ಇದನ್ನು ಇಲ್ಲಿ ಇಡಬಹುದೇ ಎಂದು ಯೆರೊಲಿಮ್ ಕೇಳಿದ. ಪಾದ್ರಿಗಳು ಅವನ ಒದ್ದೆ ಹಣೆ ನೋಡಿದರು, ಪೊಟ್ಟಣ ನೋಡಿದರು, ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಇಷ್ಟು ಸಣ್ಣ ಉಪಕಾರಕ್ಕೆ ಆಶೀರ್ವಾದ ಏಕೆಂದು ಯೆರೊಲಿಮನಿಗೆ ತಿಳಿಯಲಿಲ್ಲವಾದರೂ ಬಂದದ್ದನ್ನು ಬೇಡವೆನ್ನುವ ಸ್ವಭಾವ ಅವನದಲ್ಲ.

ಆ ಇಗರ್ಜಿಯ ಉತ್ತರದ ಗೋಡೆಯೇ ಹರಕೆಯ ಗೋಡೆ. ಕಡಲಲ್ಲಿ ಪ್ರಾಣಾಪಾಯದಿಂದ ಪಾರಾದವರು ತಾವು ಯಾವುದರಿಂದ ಪಾರಾದೆವೋ ಅದರ ಚಿತ್ರ ಬರೆಸಿ ಮಾತೆಗೆ ಒಪ್ಪಿಸುವುದು ಲುಚಿತ್ಸಾದಲ್ಲಿ ಮುತ್ತಜ್ಜರ ಕಾಲದ ಪದ್ಧತಿ. ಬಿರುಗಾಳಿ, ಸುಳಿ, ಬೆಂಕಿ ಹತ್ತಿದ ಹಡಗು, ಕಡಲ್ಗಳ್ಳರು, ಎಲ್ಲ ಅಲ್ಲಿ ಸಾಲಾಗಿ ತೂಗುತ್ತವೆ. ಕಡಲಿಗೆ ಹೋಗುವವನೊಬ್ಬ ಕಂದು ಕಾಗದದಲ್ಲಿ ಸುತ್ತಿದ ಚಿತ್ರ ಹೊತ್ತು ತಂದನೆಂದರೆ ಅದು ಹರಕೆಯೇ; ಬೇರೆ ಕಾರಣಕ್ಕೆ ಇನ್ನೂರು ವರ್ಷದಲ್ಲಿ ಯಾರೂ ಚಿತ್ರ ತಂದದ್ದಿಲ್ಲ. ಮತ್ತೊಂದು ನಿಯಮವೂ ಇದೆ. ಏನಾಯಿತು ಎಂದು ತಂದವನನ್ನು ಕೇಳಬಾರದು. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಕೆದಕಿ ಕೇಳುವುದೆಂದರೆ ಮಾತೆಯ ಕೃಪೆಗೆ ಸಾಕ್ಷಿ ಬೇಡಿದ ಹಾಗೆ.

ಭಾನುವಾರ ಪೂಜೆಗೆ ಬಂದ ಊರು ಉತ್ತರದ ಗೋಡೆಯತ್ತ ತಿರುಗಿದ್ದು ಮತ್ತೆ ಪೀಠದತ್ತ ತಿರುಗಲಿಲ್ಲ. ಎರಡು ಹಡಗು ಮುಳುಗಡೆಗಳ ನಡುವೆ, ಅವೆರಡಕ್ಕಿಂತ ದೊಡ್ಡದಾಗಿ, ಬಿಳಿ ಮೈಯ, ಕೊಂಬಿನ, ನೆತ್ತರುಗೆಂಪು ಕುಚ್ಚುಗಳ ಮೃಗವೊಂದು ತಲೆಯೆತ್ತಿ ಜನರನ್ನೇ ದಿಟ್ಟಿಸುತ್ತಿತ್ತು. ಉಳಿದ ಚಿತ್ರಗಳಲ್ಲಿ ಮೂಲೆಯಲ್ಲಿ ಕೈ ಮುಗಿದ ಪುಟ್ಟ ಮನುಷ್ಯನೊಬ್ಬನಿರುತ್ತಾನೆ. ಇದರಲ್ಲಿ ಮನುಷ್ಯನಿಗೆ ಜಾಗವೇ ಉಳಿದಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತ ಯೆರೊಲಿಮನ ಕಣ್ಣು ತುಂಬಿತು. ಗೋಡೆಗೇ ತೂಗುಹಾಕಿದ್ದಾರೆ, ಊರಿಗೆ ಕಲೆಯ ಮೇಲೆ ಇಷ್ಟು ಪ್ರೀತಿಯಿದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದುಕೊಂಡ. ಪೂಜೆ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಮಾತಿಲ್ಲದೆ ಅವನ ಕೈ ಒತ್ತಿದರು. ನಲವತ್ತು ವರ್ಷ ಬಲೆ ಎಳೆದ ಬೆಸ್ತ ಷ್ಪಿರೊ ಮಾತ್ರ ತಡೆಯಲಾರದೆ, ಪದ್ಧತಿಯ ಅಂಚಿನಲ್ಲೇ ನಿಂತು, ತುಂಬಾ ಕಷ್ಟ ಆಯ್ತೇನಪ್ಪಾ ಎಂದು ಕೇಳಿದ.

"ಕಷ್ಟ ಅಂದ್ರೆ," ಎಂದ ಯೆರೊಲಿಮ್, "ಇಪ್ಪತ್ತು ನಿಮಿಷ ಮುಖಕ್ಕೆ ಮುಖ ಇಟ್ಕೊಂಡು ಇದ್ದೆ. ಒಂದು ಬೆರಳು ಅಲ್ಲಾಡಿಸಿಲ್ಲ."

"ಮೈಮೇಲೆ ಬರ್ಲಿಲ್ವಾ?"

"ಇಲ್ಲ, ಅದು ಊಟ ಮಾಡ್ತಿತ್ತು. ಊಟದ ಹೊತ್ತಲ್ಲಿ ಅದಕ್ಕೆ ಬೇರೆ ಯಾವುದರ ಮೇಲೂ ಗಮನ ಇರಲ್ಲ. ಅದೇ ನನ್ನ ಪುಣ್ಯ."

ಷ್ಪಿರೊ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡ. ಅದು ಏನನ್ನು ಊಟ ಮಾಡುತ್ತಿತ್ತು ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ.

ಆ ವಾರ ಯೆಲ್ಕಾಳ ಅಡುಗೆಮನೆಗೆ ಉಪ್ಪು ಹಾಕಿದ ಮೀನು ಬಂತು, ಒಣ ಅಂಜೂರದ ಸರ ಬಂತು, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲವಾದರೂ ಅಕ್ರೋಟಿನ ಸಿಹಿ ರೊಟ್ಟಿ ಬಂತು. ಗಂಡನ ಕೈಗುಣಕ್ಕೆ ಇಷ್ಟು ಬೆಲೆಯೇ ಎಂದು ಅವಳಿಗೆ ಸಂಶಯ ಬಂದರೂ, ಸಿಹಿ ರೊಟ್ಟಿ ತಿರುಗಿಸಿ ಕಳಿಸುವಂಥ ಸಂಶಯ ಅದಾಗಿರಲಿಲ್ಲ.

ನಿಜ ಸಂಗತಿ ಯೆರೊಲಿಮನಿಗೆ ತಿಳಿದದ್ದು ಬುಧವಾರ. ಬಂದರಿನ ಅಧಿಕಾರಿ ಕಪ್ತಾನ್ ದಿನ್ಕೊ ಟಿಕೆಟ್ ಕಿಟಕಿಗೆ ಬಂದ. ಬೆನ್ನು ಬಾಗಿದ್ದನ್ನು ಯಾರೂ ಕಂಡಿರದ ಮನುಷ್ಯ. ಕೈಯಲ್ಲಿ ಅಳತೆಯ ಪಟ್ಟಿ, ಮೂರು ಪ್ರತಿಯ ಅರ್ಜಿ. ಇಗರ್ಜಿಯ ನಿಯಮ ಇಗರ್ಜಿಗೆ, ಸರ್ಕಾರದ ನಿಯಮ ಸರ್ಕಾರಕ್ಕೆ. ತಾನು ಕೇಳಲೇಬೇಕು, ತಪ್ಪು ತಿಳಿಯಬಾರದು ಎಂದು ಮೊದಲೇ ಕ್ಷಮೆ ಕೋರಿದ. ಆಮೇಲೆ ಮೂವತ್ತು ವರ್ಷದಲ್ಲಿ ಆ ಕಿಟಕಿಯ ಮುಂದೆ ಯಾರೂ ಮಾಡದ ಕೆಲಸ ಮಾಡಿದ. ತಲೆಯ ಮೇಲಿನ ಟೋಪಿ ತೆಗೆದ.

"ಗೋಡೆ ಮೇಲೆ ಅಳತೆ ತಗೊಂಡಿದೀನಿ. ಉದ್ದ ಒಂದು ಮೀಟರ್ ಇಪ್ಪತ್ತು," ಎಂದ. "ಅಷ್ಟೇನಾ, ಇಲ್ಲ ಬಾಲ ಏನಾದ್ರೂ ಬಿಟ್ಟುಹೋಗಿದೆಯಾ?"

ಬಾಲದ ತುದಿ ಚೌಕಟ್ಟಿನಾಚೆ ಹೋಗಿದ್ದು ನಿಜ, ಯೆರೊಲಿಮನಿಗೆ ಅದೊಂದು ಕೊರಗು. "ಬಾಲ ಸ್ವಲ್ಪ ಹೊರಗೆ ಹೋಗಿದೆ," ಎಂದುಬಿಟ್ಟ. ಕಪ್ತಾನ ಒಂದೂವರೆ ಮೀಟರ್ ಎಂದು ಬರೆದ. ಮುಂದಿನ ಸಾಲಿನಲ್ಲಿ, ಗಾಯಗಳು, ಎಂದಿತ್ತು.

ಆಗ ಯೆರೊಲಿಮನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಕೈ ಒತ್ತಿದ್ದು, ಅಂಜೂರ, ಪಾದ್ರಿಗಳ ಆಶೀರ್ವಾದ. ಬಾಯಿ ತೆರೆದ. ತೆರೆದ ಬಾಯಿಂದ ಮಾತು ಹೊರಡುವ ಮೊದಲೇ ಷ್ಪಿರೊ ಕಿಟಕಿಗೆ ಒರಗಿ ನಿಂತು, ಕಪ್ತಾನ್ ಬರ್ಕೊಳ್ಳಿ, ಹೋದ ಸೋಮವಾರ ತನ್ನ ಬಲೆ ಹರಿದದ್ದೂ ಇದೇ, ತಾನು ಕಣ್ಣಾರೆ ನೋಡಿದೆ, ತಾನು ಕಂಡದ್ದು ಇನ್ನೂ ಒಂದು ಕೈಯಷ್ಟು ಉದ್ದವಿತ್ತು, ಎಂದು ಹೇಳಿಕೆ ಕೊಟ್ಟಾಗಿತ್ತು. ಈಗ ಅದು ಆಲಿವ್ ಬೀಜದಷ್ಟು ಎಂದರೆ ಸರ್ಕಾರದ ಮುಂದೆ ಷ್ಪಿರೊನನ್ನು ಸುಳ್ಳುಗಾರ ಎಂದ ಹಾಗಾಗುತ್ತದೆ. ನೆರೆಯವನ ಮಾನ ಕಾಯುವುದೂ ಒಂದು ಧರ್ಮವೇ. ಕಟ್ಟೆಯ ಮೇಲಿಟ್ಟ ಆ ಟೋಪಿಯನ್ನು ನೋಡುತ್ತ ಯೆರೊಲಿಮ್ ಧರ್ಮವನ್ನೇ ಆರಿಸಿಕೊಂಡ. ಗಾಯಗಳು ಎಂಬಲ್ಲಿ, ಇಲ್ಲ, ಎಂದು ಬರೆಸಿದ. ಅದೊಂದೇ ಆ ಅರ್ಜಿಯಲ್ಲಿದ್ದ ನಿಜ.

ಸಂಜೆಯೊಳಗೆ ಸ್ಮೊಕ್ವಾ ಕೊಲ್ಲಿಯ ಪೈನ್ ಮರಕ್ಕೆ ಫಲಕ ಬಿತ್ತು. ಮುಂದಿನ ಆದೇಶದವರೆಗೆ ಯಾರೂ ನೀರಿಗಿಳಿಯಕೂಡದು. ಆ ವಾರದಲ್ಲೇ ಮೃಗವನ್ನು ಕಂಡವರು ಏಳು ಜನರಾದರು. ಒಬ್ಬನಿಗೆ ಅದು ಕೆಮ್ಮಿದ್ದು ಕೂಡ ಕೇಳಿಸಿತ್ತು. ಏಳು ಜನರೂ ಯೆರೊಲಿಮನನ್ನು ಕಂಡಾಗ, ಒಂದೇ ಯುದ್ಧದಿಂದ ಮರಳಿದವರಂತೆ ತಲೆಯಾಡಿಸುತ್ತಿದ್ದರು. ಅವನೂ ಆಡಿಸುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಪಾಲ್ಮಿನಾ ದೊಡ್ಡಮ್ಮ ಕಿಟಕಿಗೆ ಬಂದಳು. ಯೆರೊಲಿಮನ ತಾಯಿಯ ಅಕ್ಕ, ಎಂಬತ್ತೊಂದು ವರ್ಷ. ಊರಿಗೆಲ್ಲ ದೊಡ್ಡಮ್ಮನೇ. ಅರವತ್ತು ವರ್ಷದಿಂದ, ಮಂಜಿರಲಿ ಮಳೆಯಿರಲಿ, ದಿನಾ ಬೆಳಿಗ್ಗೆ ಸ್ಮೊಕ್ವಾ ಕೊಲ್ಲಿಯ ಚಪ್ಪಡಿ ಬಂಡೆಯಿಂದ ನೀರಿಗಿಳಿದು ಎದುರಿನ ಬಂಡೆಯವರೆಗೆ ಈಜಿ ವಾಪಸು ಬರುತ್ತಿದ್ದಳು. ಮುಂಗೈಗೆ ಜಪಮಾಲೆ ಸುತ್ತಿಕೊಂಡು, ಕೈ ಬೀಸಿಗೊಂದು ಮಣಿ. ಹೋಗುವಾಗ ಊರಲ್ಲಿದ್ದವರಿಗೆ, ಬರುವಾಗ ತೀರಿಕೊಂಡವರಿಗೆ. ಆ ಮಾಲೆಯ ಮಣಿಗಳು ಅವಳ ತಾಯಿ ಕೋದ ಆಲಿವ್ ಬೀಜಗಳು, ಉಪ್ಪುನೀರಿನಲ್ಲಿ ನೆನೆದು ಕಪ್ಪಾಗಿ ಹೊಳೆಯುತ್ತಿದ್ದವು. ಅದನ್ನು ಬಿಚ್ಚಿ ಕಿಟಕಿಯ ತೂತಿನೊಳಗಿಂದ ಟಿಕೆಟ್ ಹಣ ನೂಕುವ ಹಾಗೆ ನೂಕಿದಳು.

"ಇದು ನಿನ್ನ ಹತ್ರ ಇರ್ಲಿ ಮಗಾ. ಕೆಳಗೆ ಹೋಗೋನು ನೀನು."

"ದೊಡ್ಡಮ್ಮ, ನೀವು ಜಪ ಮಾಡೋದು?"

"ನಂಗೆ ನೀರಲ್ಲೇ ಎಣಿಸಿ ರೂಢಿ. ಕುರ್ಚಿ ಮೇಲೆ ಕೂತ್ರೆ ಲೆಕ್ಕ ತಪ್ಪುತ್ತೆ. ನಿಮ್ಮ ದೊಡ್ಡಪ್ಪ ಬಿಟ್ಟೇಹೋಗ್ತಾರೆ." ಅವಳು ಸೆರಗಿನಂಥ ಕಪ್ಪು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. "ನಂದು ಮುಗೀತು ಬಿಡು. ನೀನು ಹುಷಾರು."

ಅವಳು ಹೋದ ಮೇಲೆ ಹಡಗು ಬಂತು, ಹೋಯಿತು. ಯೆರೊಲಿಮ್ ಅಂದು ಒಂದೇ ಒಂದು ಟಿಕೆಟನ್ನೂ ಸರಿಯಾಗಿ ಹರಿಯಲಿಲ್ಲ ಎಂದು ಪ್ರಯಾಣಿಕರು ದೂರಿದರು.

ನೀರು ಬಿಟ್ಟ ದೊಡ್ಡಮ್ಮ ಬಾಡತೊಡಗಿದಳು. ಮೊದಲು ಮಂಡಿ ಹಿಡಿಯಿತು, ಇಗರ್ಜಿಯ ದಿಬ್ಬ ಹತ್ತುವುದು ನಿಂತಿತು. ಆಮೇಲೆ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂರುವುದೂ ನಿಂತಿತು. ಸಾರು ಒಯ್ದು ಕೊಟ್ಟು ಬಂದ ಯೆಲ್ಕಾ ಒಂದು ಮಧ್ಯಾಹ್ನ ಗಂಡನ ಎದುರು ಕೂತು, ದೊಡ್ಡಮ್ಮ ಹಾಸಿಗೆಯಲ್ಲಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದ್ದಾಳೆ, ಡಾಕ್ಟರು ಬಂದು ನೋಡಿ ಇದಕ್ಕೆ ಔಷಧಿ ಇಲ್ಲ ಎಂದರು, ಎಂದು ಹೇಳಿದಳು. ಅಷ್ಟೇ ಹೇಳಿದಳು. ಮೇಜಿನ ಮೇಲಿದ್ದ ಅಂಜೂರದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋದಳು.

ಯೆರೊಲಿಮ್ ದಿಬ್ಬ ಹತ್ತಿ ಪಾಪನಿವೇದನೆಯ ಜಾಲರಿಯ ಮುಂದೆ ಮಂಡಿಯೂರಿದ. ಮೊದಲಿನಿಂದ ಕೊನೆಯವರೆಗೆ ಹೇಳಿದ. ಆಲಿವ್ ಬೀಜ ಎಂಬಲ್ಲಿ ಜಾಲರಿಯಾಚೆ ಒಂದು ಸಣ್ಣ ಕೆಮ್ಮು ಕೇಳಿಸಿತು, ಅದು ನಗುವೋ ಕೆಮ್ಮೋ ದೇವರಿಗೇ ಗೊತ್ತು. ಚಿತ್ರವನ್ನು ಈಗಲೇ ಇಳಿಸಿ ಒಯ್ಯುತ್ತೇನೆ ಗುರುಗಳೇ ಎಂದು ಯೆರೊಲಿಮ್ ಬೇಡಿಕೊಂಡ.

"ಬೇಡ," ಎಂದರು ದೋನ್ ಸ್ರೆಚ್ಕೊ. "ಯಾವುದರಿಂದ ಪಾರಾದ್ರೋ ಅದನ್ನ ಅಲ್ಲಿ ತೂಗುಹಾಕ್ತಾರೆ. ನೀನು ಅದರಿಂದ ಇನ್ನೂ ಪಾರಾಗಿಲ್ಲ, ಇಳಿಸಿದ ಮಾತ್ರಕ್ಕೆ ಪಾರಾಗೋದೂ ಇಲ್ಲ." ಆಮೇಲೆ ಜಾಲರಿಯ ಹತ್ತಿರ ಬಾಗಿ, "ಆ ಅಮ್ಮಂಗೆ ಅವಳ ನೀರು ವಾಪಸ್ ಕೊಡು. ಅದೇ ನಿನ್ನ ಪ್ರಾಯಶ್ಚಿತ್ತ," ಎಂದರು.

ಸುಳ್ಳನ್ನು ಊರು ಒಂದು ಭಾನುವಾರದಲ್ಲಿ ನಂಬಿತ್ತು. ನಿಜ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಯೆರೊಲಿಮ್ ರೊಟ್ಟಿ ಅಂಗಡಿಯ ಮುಂದೆ, ಹತ್ತು ಜನ ಇರುವಾಗ, ಆ ಮೃಗ ನಿಜಕ್ಕೂ ಇಷ್ಟೇ ಇದೆ ಎಂದು ಎರಡು ಬೆರಳ ನಡುವೆ ತೋರಿಸಿದ. ಜನ ಅವನ ಬೆರಳ ಸಂದಿಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಅವರ ಕಣ್ಣುಗಳು ತೇವವಾದವು. ಎಂಥಾ ವಿನಯ, ಎಂದಳು ರೊಟ್ಟಿಯವಳು. ದೊಡ್ಡ ಅಪಾಯ ಕಂಡವರು ಹೀಗೇ, ಯುದ್ಧದಿಂದ ಬಂದ ನಮ್ಮಪ್ಪನೂ ಅದೇನೂ ಇಲ್ಲ ಎನ್ನುತ್ತಿದ್ದ, ಎಂದ ಇನ್ನೊಬ್ಬ. ಷ್ಪಿರೊ ಅವನ ಹೆಗಲು ತಟ್ಟಿ, ಮರೆಯೋಕೆ ಟೈಮ್ ಬೇಕು ಎಂದು ಸಮಾಧಾನ ಮಾಡಿದ. ಅಂದು ಅವನ ಮನೆಗೆ ಎರಡು ಸಿಹಿ ರೊಟ್ಟಿ ಹೆಚ್ಚಿಗೆ ಬಂದವು.

ದೊಡ್ಡಮ್ಮನ ಹಾಸಿಗೆಯ ಪಕ್ಕ ಕೂತು ಹೇಳಿದಾಗಲೂ ಅಷ್ಟೇ ಆಯಿತು. ಅವಳು ಅವನ ಕೆನ್ನೆ ಸವರಿ, ಮುದುಕಿಗೆ ಧೈರ್ಯ ತುಂಬೋಕೆ ಸುಳ್ಳು ಹೇಳ್ತೀಯಲ್ಲ, ನಿಮ್ಮಮ್ಮನ ಮನಸ್ಸೇ ನಿಂಗೂ ಬಂದಿದೆ, ಎಂದು ಮಗ್ಗುಲಾದಳು.

ಐದನೆಯ ವಾರ ನೆವೆಂಕಾ ಟೀಚರು ಹೊಸ ಕಣ್ಣುಗಳೊಡನೆ ಹಡಗಿನಿಂದ ಇಳಿದರು. ಆ ಕಣ್ಣುಗಳಿಗೆ ಮೊದಲು ಬಿದ್ದದ್ದು ಪೈನ್ ಮರದ ಫಲಕ, ಎರಡನೆಯದು ಗೋಡೆಯ ಮೇಲಿನ ಮೃಗ. ಅವರು ಯೆರೊಲಿಮನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ತಪಸ್ಸುಕಾಲಕ್ಕೆ ಒಪ್ಪುವುದಿಲ್ಲ. ಆಮೇಲೆ ತಮ್ಮ ದಪ್ಪ ಪುಸ್ತಕ ಹಿಡಿದು ಬಂದರಿನ ಕಚೇರಿಗೆ ನುಗ್ಗಿ, ಚಿತ್ರ ಬಿಡಿಸಿ ತೋರಿಸಿ, ದೊಡ್ಡದಾದರೂ ಇದು ಐದು ಸೆಂಟಿಮೀಟರ್ ದಾಟುವುದಿಲ್ಲ ಎಂದರು. ಕಪ್ತಾನ್ ದಿನ್ಕೊ ಸಾವಧಾನವಾಗಿ ಪುಟ ತಿರುಗಿಸಿದ.

"ಟೀಚರ್, ನಿಮ್ಮ ಪುಸ್ತಕದಲ್ಲಿ ಶಾರ್ಕೂ ಬೆರಳಷ್ಟೇ ಇದೆ," ಎಂದ.

ಕಲಿಸಿದ ವಿದ್ಯೆಯೆಲ್ಲ ನೀರಿಗೆ ಹೋಗಿದ್ದನ್ನು ಕಂಡ ಟೀಚರು, ಹಾಗಾದರೆ ನೀರಲ್ಲೇ ತೋರಿಸೋಣ ಎಂದು ನಿರ್ಧರಿಸಿದರು. ಆದರೆ ದೊಡ್ಡಮ್ಮನನ್ನು ಒಂಬತ್ತು ಮೀಟರ್ ಆಳಕ್ಕೆ ಇಳಿಸುವುದಾಗದು. ದಡದಲ್ಲೇ ಕಾಣುವ ಹುಳು ಬೇಕು. ನಾಲ್ಕು ದಿನ ಇಬ್ಬರೂ ಫಲಕದ ಕೆಳಗೇ ನುಸುಳಿ, ಸೊಂಟಮಟ್ಟದ ನೀರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಂಡೆಯ ಅಂಚುಗಳನ್ನು ಅಂಗುಲ ಅಂಗುಲವಾಗಿ ಹುಡುಕಿದರು. ಹಲ್ಲು ಕಡಿಯುವ ಚಳಿ. ಆದರೆ ಸಂಜೆಯ ಓರೆ ಬಿಸಿಲು ನೀರಿನ ಚರ್ಮದ ಮೇಲೆ ಚಿನ್ನದ ಬಲೆ ಎಳೆದು, ಆ ಬಲೆಯ ನೆರಳು ತಳದ ಮರಳಿನ ಮೇಲೆ ತೂಗುತ್ತಿದ್ದಾಗ, ಯೆರೊಲಿಮ್ ತಾನು ಏನು ಹುಡುಕುತ್ತಿದ್ದೇನೆ ಎಂಬುದನ್ನೇ ಕೆಲವೊಮ್ಮೆ ಮರೆಯುತ್ತಿದ್ದ. ಐದನೆಯ ಬೆಳಿಗ್ಗೆ, ಚಪ್ಪಡಿ ಬಂಡೆಯ ಬುಡದಲ್ಲೇ, ಮೊಣಕಾಲಾಳದಲ್ಲಿ, ಕಂದು ಪೊದೆಯ ತುದಿಯಲ್ಲಿ ಎರಡು ಕಿತ್ತಳೆ ಬೊಟ್ಟು ಕಂಡವು.

ಟೀಚರು ಅಲ್ಲೇ ಕಾವಲು ನಿಂತರು. ಯೆರೊಲಿಮ್ ಒದ್ದೆ ರಬ್ಬರ್ ಅಂಗಿಯಲ್ಲೇ ಊರ ನಡುವೆ ಓಡಿದ. ದೊಡ್ಡಮ್ಮ ನೀರಿಗಿಳಿಯುವುದು ಬೇಡ, ನೋಡಿದರೆ ಸಾಕು, ತನ್ನ ಸಲುವಾಗಿ ಬರಬೇಕು ಎಂದು ಹಾಸಿಗೆಯ ಮುಂದೆ ಕೈ ಮುಗಿದ. ಅವಳು ಬಹಳ ಹೊತ್ತು ಅವನ ಮೈಯಿಂದ ಇಳಿಯುವ ಉಪ್ಪುನೀರು ನೆಲದ ಮೇಲೆ ಹರಡುವುದನ್ನೇ ನೋಡಿದಳು. ಆಮೇಲೆ ಕುರ್ಚಿ ತರಿಸು ಎಂದಳು.

ಯೆಲ್ಕಾ ಒಂದು ಕಡೆ, ಯೆರೊಲಿಮ್ ಒಂದು ಕಡೆ ಹಿಡಿದು, ಕುರ್ಚಿಯಲ್ಲಿ ದೊಡ್ಡಮ್ಮನನ್ನು ಹೊತ್ತು ಹೊರಟಾಗ, ಆ ಪುಟ್ಟ ಮೆರವಣಿಗೆಯ ಹಿಂದೆ ಊರು ಒಂದೊಂದೇ ಬಾಗಿಲಿನಿಂದ ಸೇರಿಕೊಂಡಿತು. ಕೊಲ್ಲಿಯ ಬಾ‌ಯಲ್ಲಿ ಕಪ್ತಾನ ಅಡ್ಡ ನಿಂತು ಫಲಕ ತೋರಿಸಿದ. ಇಳಿಯಬಾರದು ಅಂತಿದೆ, ನೋಡಬಾರದು ಅಂತಿಲ್ಲವಲ್ಲ, ಎಂದಳು ಯೆಲ್ಕಾ. ಕಪ್ತಾನ ಫಲಕವನ್ನು ತಾನೇ ಇನ್ನೊಮ್ಮೆ ಓದಿ ದಾರಿ ಬಿಟ್ಟ. ಜನ ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತರು.

ನೀರಿನ ಮೇಲೆ ಸಣ್ಣ ಅಲೆಗಳ ನಡುಕವಿತ್ತು, ತಳ ಕಾಣುತ್ತಿರಲಿಲ್ಲ. ಯೆರೊಲಿಮ್ ಬಂಡೆಯ ಮೇಲೆ ಬೋರಲು ಮಲಗಿ, ಹಿಂದಿನವರು ಆಕ್ಟೋಪಸ್ ಹಿಡಿಯುವಾಗ ಮಾಡುತ್ತಿದ್ದ ಹಾಗೆ, ಕೋಳಿಗರಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ನೀರಿನ ಮೇಲೆ ಮೆಲ್ಲಗೆ ಕೊಡವಿದ. ನಾಲ್ಕು ಹನಿ ಬಿದ್ದವು. ಹನಿಗಳು ಹರಡಿದಲ್ಲಿ ನಡುಕ ನಿಂತು, ನೀರಿನಲ್ಲಿ ಒಂದು ಕಿಟಕಿ ತೆರೆಯಿತು. ಅದರೊಳಗೆ ಎಲ್ಲ ಹತ್ತಿರ, ಎಲ್ಲ ನಿಶ್ಶಬ್ದ. ಕಂದು ಪೊದೆ, ಅದರ ತುದಿಯಲ್ಲಿ ಬಿಳಿಯ ಒಂದು ಚೂರು, ನೀಲಿ ದೀಪಗಳು.

"ಎಲ್ಲಿದೆ?" ಎಂದಳು ದೊಡ್ಡಮ್ಮ, ಕುರ್ಚಿಯಿಂದ ಬಾಗಿ.

ಯೆರೊಲಿಮ್ ಮುಂಗೈಗೆ ಸುತ್ತಿಕೊಂಡಿದ್ದ ಜಪಮಾಲೆಯನ್ನು ಬಿಚ್ಚಿ ಆ ಕಿಟಕಿಯೊಳಗೆ ಇಳಿಬಿಟ್ಟ. ಕಪ್ಪು ಮಣಿಗಳು ಒಂದರ ಹಿಂದೆ ಒಂದು ಇಳಿದು, ಪೊದೆಗೆ ತಾಗದ ಹಾಗೆ, ಅದರ ಪಕ್ಕದಲ್ಲಿ ನಿಂತವು. ಹುಳು ತಲೆಯೆತ್ತಿ ಒಂದು ಮಣಿಯನ್ನು ನೋಡಿತು. ಮಣಿಯೂ ಹುಳುವೂ ಒಂದೇ ಅಳತೆಗಿದ್ದವು.

ಇಪ್ಪತ್ತು ಹೆಜ್ಜೆ ಹತ್ತಾಯಿತು, ಹತ್ತು ಐದಾಯಿತು. ಬೆನ್ನು ಬಾಗದ ಕಪ್ತಾನ್ ದಿನ್ಕೊ ಎರಡು ಕೈಯನ್ನೂ ಬಂಡೆಯ ಮೇಲೂರಿ, ಮೂಗು ನೀರಿಗೆ ತಾಗುವಷ್ಟು ಬಾಗಿ ಪರಿಶೀಲಿಸಿದ. ಎದ್ದಾಗ ಮೂಗಿನ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು.

"ಇದು ಮರಿ," ಎಂದ ಗಂಭೀರವಾಗಿ. "ತಾಯಿ ಎಲ್ಲಿ?"

"ಇದೇ ತಾಯಿ ಕಣೋ," ಎಂದರು ಟೀಚರು. "ಪಕ್ಕದಲ್ಲಿ ಬಿಳಿ ದಾರ ಕಾಣ್ತಿದೆಯಲ್ಲ, ಅದೇ ಮೊಟ್ಟೆ."

ಎಲ್ಲರೂ ಷ್ಪಿರೊನ ಕಡೆ ತಿರುಗಿದರು. ಷ್ಪಿರೊ ತಾನು ನೋಡಿದ್ದು ಬೇರೆಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂದು ಹೇಳಿ ಬಲೆ ಒಣಹಾಕುವ ಕೆಲಸ ನೆನಪಾಗಿ ಹೊರಟ. ಉಳಿದ ಆರು ಜನರಿಗೂ ಒಂದೊಂದು ಕೆಲಸ ನೆನಪಾಯಿತು. ಉಳಿದವರು ಯೆರೊಲಿಮನ ಮುಖ ನೋಡಲಿಲ್ಲ. ಅಂಗಡಿಯ ಮುಂದೆ ಎರಡು ಬೆರಳ ನಡುವೆ ಅವನು ತೋರಿಸಿದ್ದು ಈಗ ಅವರಿಗೆ ನೆನಪಾಗಿತ್ತು. ವಾರಗಟ್ಟಲೆ ತಡವಾಗಿ ತೋರಿಸಿದ್ದೂ ನೆನಪಾಗಿತ್ತು. ಕಪ್ತಾನ ಮರದ ಫಲಕ ಕಳಚಿ ಕಂಕುಳಲ್ಲಿಟ್ಟುಕೊಂಡು, ಟೋಪಿಯನ್ನು ತಲೆಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡು ಹೋದ.

ಪಾಲ್ಮಿನಾ ದೊಡ್ಡಮ್ಮ ಯಾವುದನ್ನೂ ಗಮನಿಸಿರಲಿಲ್ಲ. ಕುರ್ಚಿಯಿಂದ ಇಳಿದು ಬಂಡೆಯ ಮೇಲೆ ಕೂತು ನೀರಿನ ಕಿಟಕಿಯನ್ನೇ ನೋಡುತ್ತಿದ್ದಳು.

"ಇಷ್ಟು ಚಿಕ್ಕದು," ಎಂದಳು. "ಇದಕ್ಕೂ ಕೂತು ಬಣ್ಣ ಹಚ್ಚಿದಾನಲ್ಲ ಆ ದೇವ್ರು, ಒಂದೊಂದು ತುದಿಗೂ." ಎಣ್ಣೆಯ ಕಿಟಕಿ ನಿಧಾನವಾಗಿ ಮುಚ್ಚಿಕೊಂಡಿತು. ಅವಳು ಶಾಲಿನ ಗಂಟು ಬಿಚ್ಚತೊಡಗಿದಳು. ಯೆಲ್ಕಾ ಗಾಬರಿಯಾಗಿ ತಡೆಯಲು ಹೋದಾಗ ಟೀಚರು ಅವಳ ತೋಳು ಹಿಡಿದುಕೊಂಡರು.

ಯೆರೊಲಿಮ್ ಜಪಮಾಲೆಯನ್ನು ನೀರಿನಿಂದ ಎತ್ತಿದ. ಒಂದೊಂದು ಮಣಿಯಲ್ಲೂ ಅಂಟಿದ್ದ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದ. ದೊಡ್ಡಮ್ಮ ಒಂದು ಕಾಲನ್ನು ನೀರಿಗಿಟ್ಟು ಮುಂಗೈ ಚಾಚಿದಳು. ಅವನು ಮಾಲೆಯನ್ನು ಎರಡು ಸುತ್ತು ಸುತ್ತಿ, ಮೊದಲಿದ್ದ ಜಾಗದಲ್ಲೇ ಗಂಟು ಹಾಕಿ, ಕೈ ಬಿಟ್ಟ.